ಮನೋವಿಜ್ಞಾನದ ಮೂಲ ಪರಿಕಲ್ಪನೆಗಳ ಪುನರಾವರ್ತನೆ: ಒಂದು ಮಾರ್ಗದರ್ಶಿ

ಪದವಿಪೂರ್ವ ಅಥವಾ ಬಿ.ಎ. ತರಗತಿಯಲ್ಲಿ ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಓದುವವರು, ಬಿ.ಇಡ್. ಮತ್ತು ಡಿ.ಎಲ್.ಇಡ್. ವಿದ್ಯಾರ್ಥಿಗಳು, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಶಿಶು ವಿಕಾಸ ಮತ್ತು ಬೋಧನಾ ವಿಧಾನಕ್ಕೆ ಮೀಸಲಾದ 30 ಅಂಕಗಳಿಗಾಗಿ ಸಿದ್ಧರಾಗುವವರು, ಹೀಗೆ ಎಲ್ಲರೂ ಪರೀಕ್ಷೆ ಹತ್ತಿರ ಬಂದಾಗ ಒಂದೇ ಬಗೆಯ ತೊಡಕನ್ನು ಎದುರಿಸುತ್ತಾರೆ. ಓದುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಒಂದು ಸನ್ನಿವೇಶವನ್ನು ಕೊಟ್ಟು ಇದು ಯಾವ ಪರಿಕಲ್ಪನೆಗೆ ಉದಾಹರಣೆ ಎಂದು ಕೇಳಿದೊಡನೆ ನಾಲ್ಕು ಆಯ್ಕೆಗಳಲ್ಲಿ ಎರಡು ಸಮಾನವಾಗಿ ಸರಿ ಎನಿಸತೊಡಗುತ್ತವೆ. ರಸಾಯನಶಾಸ್ತ್ರದ ಪದ ಅಪರಿಚಿತವಾಗಿರುವುದರಿಂದ ನಮಗೆ ಅದು ಗೊತ್ತಿಲ್ಲವೆಂಬ ಎಚ್ಚರವನ್ನು ಅದೇ ಕೊಡುತ್ತದೆ. ಮನೋವಿಜ್ಞಾನದ ಪದಗಳಾದರೋ ನೆನಪು, ಕಲಿಕೆ, ಬುದ್ಧಿ, ಶಿಕ್ಷೆ, ಪ್ರೇರಣೆ ಮುಂತಾಗಿ ನಾವು ದಿನವೂ ಆಡುವ ಮಾತುಗಳೇ ಆಗಿವೆ. ಮನೆಮಾತಿನ ಅರ್ಥವು ಶಾಸ್ತ್ರದ ಅರ್ಥವನ್ನು ಮುಚ್ಚಿಹಾಕುತ್ತದೆ, ಹಾಗೆ ಮುಚ್ಚಿದ್ದು ನಮ್ಮ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಈ ವಿಷಯವನ್ನು ಪುನರಾವರ್ತಿಸುವಾಗ ಒಂದನ್ನೊಂದು ಹೋಲುವ ಪರಿಕಲ್ಪನೆಗಳನ್ನು ಬೇರೆ ಮಾಡಿ ಗುರುತಿಸುವುದಕ್ಕೇ ಹೆಚ್ಚಿನ ಸಮಯವನ್ನು ಕೊಡಬೇಕೆಂಬುದು ನನ್ನ ಅಭಿಪ್ರಾಯ. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಖಾಲಿ ಹಾಳೆ

ಪುಸ್ತಕವನ್ನು ತೆರೆಯುವುದಕ್ಕೆ ಮುನ್ನ ಒಂದು ಅಧ್ಯಾಯದ ಹೆಸರನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಂಡು, ಅದರ ಬಗ್ಗೆ ನೆನಪಿಗೆ ಬರುವುದೆಲ್ಲವನ್ನೂ ಹದಿನೈದು ನಿಮಿಷ ಬರೆಯಿರಿ. ಕ್ರಮ ತಪ್ಪಿದರೂ, ಪದ ನೆನಪಾಗದೆ ಅರ್ಥವಷ್ಟೇ ನೆನಪಾದರೂ ನಿಲ್ಲಿಸಬೇಡಿ. ಆನಂತರ ಪುಸ್ತಕವನ್ನು ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾಗಿ ಬರೆದದ್ದನ್ನೂ ಬೇರೆ ಬಣ್ಣದ ಶಾಯಿಯಲ್ಲಿ ತಿದ್ದಿರಿ. ಆ ಬಣ್ಣದ ಭಾಗವೇ ನೀವು ಓದಬೇಕಾದ ಪಾಠ. ಉಳಿದದ್ದನ್ನು ಅಂದು ಮತ್ತೆ ಓದುವ ಅಗತ್ಯವಿಲ್ಲ.

ಇದು ಕೇವಲ ಅನುಭವದ ಮಾತಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಚಿಕ್ಕ ಗದ್ಯಭಾಗವನ್ನು ಮತ್ತೊಮ್ಮೆ ಓದಿದರು, ಇನ್ನೊಂದು ಗದ್ಯಭಾಗವನ್ನು ಮತ್ತೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೊಮ್ಮೆ ಓದಿದ್ದರಲ್ಲಿ ಶೇಕಡಾ 81ರಷ್ಟು ನೆನಪಿತ್ತು, ನೆನಪಿನಿಂದ ಬರೆದದ್ದರಲ್ಲಿ ಶೇಕಡಾ 75ರಷ್ಟು. ಒಂದು ವಾರದ ನಂತರ ಪರೀಕ್ಷಿಸಿದಾಗ ಫಲಿತಾಂಶ ತಿರುವುಮುರುವಾಯಿತು: ಮತ್ತೆ ಓದಿದ್ದು ಶೇಕಡಾ 42ಕ್ಕೆ ಇಳಿದಿತ್ತು, ನೆನಪಿನಿಂದ ಬರೆದದ್ದು ಶೇಕಡಾ 56ರಲ್ಲಿ ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಮರುದಿನ ಬೆಳಿಗ್ಗೆ ಸಾಕಾಗುವಂತೆ ತೋರುವುದಕ್ಕೂ, ಮುಂದಿನ ವರ್ಷದ ತರಗತಿಯಲ್ಲಿ ಅದರ ಸುಳಿವೂ ಉಳಿಯದಿರುವುದಕ್ಕೂ ಇಲ್ಲಿ ಒಂದು ವಿವರಣೆ ಸಿಗುತ್ತದೆ.

ಎರಡನೆಯ ಹೆಜ್ಜೆ: ಪದಗಳ ಪುಸ್ತಕ

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಕಷ್ಟವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗವನ್ನು ಆರಂಭಿಸಿದ್ದು 1924ರಲ್ಲಿ. ಇಷ್ಟು ಹಳೆಯ ಬೋಧನಾ ಪರಂಪರೆಯಿದ್ದರೂ ಕನ್ನಡದ ಪಾರಿಭಾಷಿಕ ಪದಗಳು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಪಾವ್ಲೋವ್ ವಿವರಿಸಿದ ಕಲಿಕೆ ಒಂದೆಡೆ ಅಭಿಜಾತ ಅನುಬಂಧನವಾದರೆ ಮತ್ತೊಂದೆಡೆ ಶಾಸ್ತ್ರೀಯ ಅನುಬಂಧನ. ‘ಭ್ರಮೆ’ ಎಂಬ ಪದದ ತೊಡಕು ಇದಕ್ಕಿಂತ ದೊಡ್ಡದು. ಮಂದ ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಕಾಣುವುದನ್ನು ಗ್ರಹಿಕೆಯ ಅಧ್ಯಾಯ ಭ್ರಮೆ ಎನ್ನುತ್ತದೆ. ನೆರೆಯವರು ತನ್ನನ್ನು ಕೊಲ್ಲಲು ಸಂಚು ಹೂಡಿದ್ದಾರೆಂಬ, ಯಾವ ಸಾಕ್ಷ್ಯಕ್ಕೂ ಬಗ್ಗದ ಸುಳ್ಳು ನಂಬಿಕೆಯನ್ನು ಮಾನಸಿಕ ಆರೋಗ್ಯದ ಬರಹಗಳು ಭ್ರಮೆ ಎನ್ನುತ್ತವೆ. ಹಗ್ಗವೂ ಇಲ್ಲದೆ, ಬೇರಾವ ಪ್ರಚೋದನೆಯೂ ಇಲ್ಲದೆ ಹಾವು ಕಾಣಿಸಿಕೊಳ್ಳುವುದು ಮೂರನೆಯ ಸಂಗತಿ. ಅದನ್ನು ಕೆಲವರು ವಿಭ್ರಮೆ ಎಂದೂ ಕೆಲವರು ಭ್ರಾಂತಿ ಎಂದೂ ಬರೆಯುತ್ತಾರೆ.

ಆದ್ದರಿಂದ ಒಂದು ಪ್ರತ್ಯೇಕ ನೋಟ್‌ಬುಕ್ಕಿನ ಎಡಪುಟದಲ್ಲಿ ನಿಮ್ಮ ಪಠ್ಯಪುಸ್ತಕದ ಪದ, ಅದರ ಪರ್ಯಾಯ ಪದಗಳು ಮತ್ತು ಇಂಗ್ಲಿಷ್ ಪದವನ್ನು ಬರೆದಿಟ್ಟುಕೊಳ್ಳಿ. ಬಲಪುಟದಲ್ಲಿ ಅದರ ಅರ್ಥವನ್ನು ನಿಮ್ಮದೇ ಒಂದು ವಾಕ್ಯದಲ್ಲಿಯೂ, ಪುಸ್ತಕದಲ್ಲಿಲ್ಲದ ಒಂದು ಉದಾಹರಣೆಯನ್ನೂ ಬರೆಯಿರಿ. ಉದಾಹರಣೆಯನ್ನು ಸ್ವತಃ ಕಟ್ಟಲು ಬಾರದಿದ್ದರೆ ಆ ಪರಿಕಲ್ಪನೆ ಇನ್ನೂ ನಿಮ್ಮದಾಗಿಲ್ಲವೆಂದು ತಿಳಿಯಿರಿ. ಈ ಪರೀಕ್ಷೆಯಲ್ಲಿ ತಮಗೆ ತಾವೇ ರಿಯಾಯಿತಿ ತೋರಿಸಿಕೊಳ್ಳಬಾರದು.

ಮೂರನೆಯ ಹೆಜ್ಜೆ: ಸಂಶೋಧನಾ ವಿಧಾನವನ್ನು ಮುಂದಕ್ಕೆ ತನ್ನಿ

ಬಹುಪಾಲು ವಿದ್ಯಾರ್ಥಿಗಳು ಸಂಶೋಧನಾ ವಿಧಾನದ ಅಧ್ಯಾಯವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅದನ್ನು ಮೊದಲು ಓದಬೇಕು, ಏಕೆಂದರೆ ಉಳಿದ ಅಧ್ಯಾಯಗಳೆಲ್ಲ ಪ್ರಯೋಗಗಳ ಮೇಲೆಯೇ ನಿಂತಿವೆ. ಇಲ್ಲಿ ಮೂರು ಜೋಡಿಗಳು ಸ್ಪಷ್ಟವಾದರೆ ಸಾಕು: ಸ್ವತಂತ್ರ ಚಲಕ ಮತ್ತು ಪರತಂತ್ರ ಚಲಕ, ಸಹಸಂಬಂಧ ಮತ್ತು ಕಾರಣ, ಯಾದೃಚ್ಛಿಕ ಆಯ್ಕೆ ಮತ್ತು ಯಾದೃಚ್ಛಿಕ ಹಂಚಿಕೆ.

ಚಲಕಗಳನ್ನು ಗುರುತಿಸಲು ಒಂದು ನಿಜವಾದ ಪ್ರಯೋಗವನ್ನು ತೆಗೆದುಕೊಳ್ಳೋಣ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಲನಚಿತ್ರ ತುಣುಕುಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತೆಂದು ಕೇಳಿದರು. ಎಲ್ಲರಿಗೂ ಪ್ರಶ್ನೆ ಒಂದೇ, ಅದರಲ್ಲಿನ ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆ. ಕಾರುಗಳು ‘ಅಪ್ಪಳಿಸಿದಾಗ’ ಎಂಬರ್ಥದ ಪದವನ್ನು ಕೇಳಿದವರು ಸರಾಸರಿ ಗಂಟೆಗೆ 40.5 ಮೈಲಿ ಎಂದರು. ‘ತಾಗಿದಾಗ’ ಎಂಬರ್ಥದ ಪದವನ್ನು ಕೇಳಿದವರು 31.8 ಮೈಲಿ ಎಂದರು. ಸಂಶೋಧಕರು ತಮ್ಮ ಕೈಯಿಂದ ಬದಲಿಸಿದ ಕ್ರಿಯಾಪದ ಇಲ್ಲಿ ಸ್ವತಂತ್ರ ಚಲಕ. ಅದರಿಂದ ಬದಲಾದ ವೇಗದ ಅಂದಾಜು ಪರತಂತ್ರ ಚಲಕ. ಯಾವ ಪ್ರಯೋಗವನ್ನು ಓದಿದರೂ ‘ಸಂಶೋಧಕರು ಏನನ್ನು ಬದಲಿಸಿದರು, ಏನನ್ನು ಅಳೆದರು’ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಗೊಂದಲ ಉಳಿಯುವುದಿಲ್ಲ. ಪ್ರಶ್ನೆಯ ಮಾತು ನೆನಪನ್ನೇ ಬದಲಿಸಬಲ್ಲುದು ಎಂಬ ಈ ಫಲಿತಾಂಶ ಸ್ಮೃತಿಯ ಅಧ್ಯಾಯದಲ್ಲಿಯೂ ಬೇಕಾಗುವುದರಿಂದ, ಒಂದೇ ಪ್ರಯೋಗವನ್ನು ಎರಡು ಕಡೆ ಬಳಸಿಕೊಳ್ಳಬಹುದು.

ಸಹಸಂಬಂಧದ ವಿಷಯ ಸರಳ. ಮಲೆನಾಡಿನಲ್ಲಿ ಕೊಡೆಗಳು ಹೆಚ್ಚಾಗಿ ಮಾರಾಟವಾಗುವ ತಿಂಗಳುಗಳಲ್ಲೇ ಇಂಬಳದ ಕಾಟವೂ ಹೆಚ್ಚು. ಹಾಗೆಂದು ಕೊಡೆ ಕೊಂಡವರಿಗೆ ಇಂಬಳ ಹತ್ತುತ್ತದೆಂದು ಯಾರೂ ಹೇಳುವುದಿಲ್ಲ, ಎರಡಕ್ಕೂ ಮಳೆಯೇ ಕಾರಣ. ಇದನ್ನೇ ಮೂರನೆಯ ಚಲಕದ ಸಮಸ್ಯೆ ಎನ್ನುತ್ತಾರೆ. ಇನ್ನು ಯಾದೃಚ್ಛಿಕ ಆಯ್ಕೆಯೆಂದರೆ ಅಧ್ಯಯನಕ್ಕೆ ಯಾರು ಬರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದಂತೆ. ಯಾದೃಚ್ಛಿಕ ಹಂಚಿಕೆಯೆಂದರೆ ಬಂದವರಲ್ಲಿ ಯಾರು ಪ್ರಾಯೋಗಿಕ ಗುಂಪಿಗೆ, ಯಾರು ನಿಯಂತ್ರಿತ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದಂತೆ. ಫಲಿತಾಂಶವನ್ನು ಇತರರಿಗೂ ಅನ್ವಯಿಸುವ ಬಲ ಮೊದಲನೆಯದರಿಂದ ಬರುತ್ತದೆ, ಕಾರಣವನ್ನು ಹೇಳುವ ಬಲ ಎರಡನೆಯದರಿಂದ.

ನಾಲ್ಕನೆಯ ಹೆಜ್ಜೆ: ಕಲಿಕೆಯ ಅಧ್ಯಾಯಕ್ಕೆ ಎರಡು ದಿನ

ನಾನು ಕಂಡಂತೆ ಅತಿ ಹೆಚ್ಚು ಅಂಕಗಳು ಕೈತಪ್ಪುವುದು ಈ ಅಧ್ಯಾಯದಲ್ಲಿ. ಮೊದಲು ಎರಡು ಅನುಬಂಧನಗಳನ್ನು ಬೇರ್ಪಡಿಸಿಕೊಳ್ಳಿ. ಹುಣಸೆಹಣ್ಣನ್ನು ಬಾಯಿಗಿಟ್ಟಾಗ ನೀರೂರುವುದು ಕಲಿಯದೆ ಬಂದ ಪ್ರತಿಕ್ರಿಯೆ. ಹುಣಸೆಯ ಹೆಸರನ್ನು ಕೇಳಿದ ಮಾತ್ರಕ್ಕೆ ನೀರೂರುವುದು ಅನುಬಂಧಿತ ಪ್ರತಿಕ್ರಿಯೆ. ಹುಣಸೆಯನ್ನು ಎಂದೂ ತಿನ್ನದವರಿಗೆ ಆ ಹೆಸರು ಒಂದು ತಟಸ್ಥ ಶಬ್ದವಷ್ಟೇ. ಇದು ಪಾವ್ಲೋವ್ ವಿವರಿಸಿದ ಅಭಿಜಾತ ಅನುಬಂಧನ. ಇಲ್ಲಿ ವ್ಯಕ್ತಿ ಏನನ್ನೂ ಮಾಡಬೇಕಾಗಿಲ್ಲ, ಎರಡು ಪ್ರಚೋದನೆಗಳ ನಡುವೆ ನಂಟು ಬೆಳೆಯುತ್ತದೆ. ಸ್ಕಿನ್ನರ್ ಅವರ ಕ್ರಿಯಾಜನ್ಯ ಅನುಬಂಧನದಲ್ಲಿ ಹಾಗಲ್ಲ. ವ್ಯಕ್ತಿ ಒಂದು ವರ್ತನೆಯನ್ನು ತೋರುತ್ತಾನೆ, ಆ ವರ್ತನೆಯ ಪರಿಣಾಮವು ಅದನ್ನು ಮುಂದೆ ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ.

ಈಗ ‘ಋಣಾತ್ಮಕ ಪುನರ್ಬಲನ’ ಎಂಬ ಪದಕ್ಕೆ ಬನ್ನಿ. ಋಣಾತ್ಮಕ ಎಂದೊಡನೆ ಕೆಟ್ಟದ್ದು, ಅಂದರೆ ಶಿಕ್ಷೆ ಎಂದು ಬರೆಯುವವರೇ ಹೆಚ್ಚು. ಇಲ್ಲಿ ಧನ ಮತ್ತು ಋಣ ಎಂಬವು ಗಣಿತದ ಕೂಡುವ ಮತ್ತು ಕಳೆಯುವ ಚಿಹ್ನೆಗಳಷ್ಟೇ. ಪರಿಣಾಮವಾಗಿ ಏನಾದರೂ ಸೇರಿದರೆ ಧನಾತ್ಮಕ, ಏನಾದರೂ ತೊಲಗಿದರೆ ಋಣಾತ್ಮಕ. ವರ್ತನೆ ಹೆಚ್ಚಿದರೆ ಅದು ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ತಲೆನೋವಿಗೆ ಮಾತ್ರೆ ನುಂಗಿದಾಗ ನೋವು ತೊಲಗುತ್ತದೆ, ಮುಂದಿನ ಸಲವೂ ಮಾತ್ರೆಯನ್ನೇ ನುಂಗುತ್ತೇವೆ. ಇದು ಋಣಾತ್ಮಕ ಪುನರ್ಬಲನ. ತಪ್ಪು ಮಾಡಿದ ಹುಡುಗನ ಕೈಯಿಂದ ಮೊಬೈಲನ್ನು ಕಿತ್ತುಕೊಂಡದ್ದರಿಂದ ಆ ತಪ್ಪು ಕಡಿಮೆಯಾದರೆ ಅದು ಋಣಾತ್ಮಕ ಶಿಕ್ಷೆ.

ಒಂದು ಜಾತ್ರೆಯ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮಗು ಪೀಪಿ ಬೇಕೆಂದು ನೆಲದ ಮೇಲೆ ಹೊರಳಾಡಿ ಅಳುತ್ತದೆ, ತಂದೆ ಕೊನೆಗೆ ಪೀಪಿಯನ್ನು ಕೊಡಿಸುತ್ತಾನೆ, ಅಳು ನಿಲ್ಲುತ್ತದೆ. ಮಗುವಿನ ಅಳುವಿಗೆ ಪೀಪಿ ಸೇರಿತು. ಅದು ಧನಾತ್ಮಕ ಪುನರ್ಬಲನ, ಮುಂದಿನ ಜಾತ್ರೆಯಲ್ಲಿಯೂ ಮಗು ಅಳುತ್ತದೆ. ತಂದೆ ಪೀಪಿ ಕೊಡಿಸಿದ್ದಕ್ಕೆ ಪ್ರತಿಯಾಗಿ ಅಳುವಿನ ಕಿರಿಕಿರಿ ತೊಲಗಿತು. ಅದು ಋಣಾತ್ಮಕ ಪುನರ್ಬಲನ, ಮುಂದಿನ ಜಾತ್ರೆಯಲ್ಲಿಯೂ ತಂದೆ ಸೋಲುತ್ತಾನೆ. ಒಂದೇ ಘಟನೆಯಲ್ಲಿ ಇಬ್ಬರೂ ಕಲಿತರು, ಬೇರೆಬೇರೆ ಬಗೆಯಲ್ಲಿ. ತಂದೆ ಪ್ರತಿ ಸಲ ಕೊಡಿಸದೆ, ಎಷ್ಟು ಅತ್ತರೆ ಸಿಗುತ್ತದೆಂಬುದು ಮಗುವಿಗೆ ತಿಳಿಯದಂತೆ ಒಮ್ಮೊಮ್ಮೆ ಕೊಡಿಸಿದರೆ ಅಳು ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಅನಿಶ್ಚಿತವಾಗಿ ಸಿಗುವ ಪುನರ್ಬಲನದಿಂದ ಬೆಳೆದ ವರ್ತನೆ ಸುಲಭವಾಗಿ ನಂದುವುದಿಲ್ಲ. ಪ್ರಶ್ನೆಯಲ್ಲಿ ಇಬ್ಬರು ವ್ಯಕ್ತಿಗಳು ಕಂಡರೆ ‘ಯಾರ ವರ್ತನೆ’ ಎಂದು ಮೊದಲು ಕೇಳಿಕೊಳ್ಳಬೇಕೆಂಬುದನ್ನು ಈ ದೃಶ್ಯದಿಂದ ಕಲಿಯಬಹುದು.

ಪುನರ್ಬಲನದ ನಾಲ್ಕು ಅನುಸೂಚಿಗಳನ್ನೂ, ಅಂದರೆ ಅದು ಯಾವಾಗ ಸಿಗುತ್ತದೆಂಬ ನಿಯಮಗಳನ್ನೂ, ಹೀಗೆಯೇ ಸುತ್ತಲಿನ ಬದುಕಿನಿಂದ ತುಂಬಿಕೊಳ್ಳಿ. ಕರಾವಳಿಯಲ್ಲಿ ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಕೊಡುವುದು ಸ್ಥಿರ ಅನುಪಾತ, ಲಾಟರಿ ಚರ ಅನುಪಾತ. ಫಲಿತಾಂಶ ಯಾವ ಗಳಿಗೆಯಲ್ಲಿ ಪ್ರಕಟವಾಗುತ್ತದೆಂದು ತಿಳಿಯದೆ ಜಾಲತಾಣವನ್ನು ಮತ್ತೆ ಮತ್ತೆ ತೆರೆದು ನೋಡುವುದು ಚರ ಮಧ್ಯಂತರ. ಸಂಜೆ ಐದಕ್ಕೆ ಎಂದು ಮೊದಲೇ ತಿಳಿಸಿದ್ದರೆ ನಾಲ್ಕೂಮುಕ್ಕಾಲಿನಿಂದಷ್ಟೇ ನೋಡತೊಡಗುತ್ತೇವೆ, ಅದು ಸ್ಥಿರ ಮಧ್ಯಂತರ. ಎಣಿಕೆ ವರ್ತನೆಯದಾದರೆ ಅನುಪಾತ, ಕಾಲದ್ದಾದರೆ ಮಧ್ಯಂತರ.

ಐದನೆಯ ಹೆಜ್ಜೆ: ಸ್ಮೃತಿಯನ್ನು ಸ್ವತಃ ಪರೀಕ್ಷಿಸಿ

ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯೋಗಕ್ಕೆ ಒಳಗಾದ ವ್ಯಕ್ತಿ ಅವರೊಬ್ಬರೇ. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ಕಂಠಪಾಠ ಮಾಡಿ, ಕೆಲಕಾಲದ ನಂತರ ಅದೇ ಪಟ್ಟಿಯನ್ನು ಮರುಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅವರು ಅಳೆದರು. ಇಪ್ಪತ್ತು ನಿಮಿಷಗಳ ನಂತರ ಸುಮಾರು ಶೇಕಡಾ 58ರಷ್ಟು, ಒಂದು ಗಂಟೆಯ ನಂತರ 44ರಷ್ಟು, ಒಂದು ದಿನದ ನಂತರ 34ರಷ್ಟು ಉಳಿತಾಯ ಕಂಡಿತು. ತಿಂಗಳ ನಂತರವೂ ಅದು ಸುಮಾರು 21ರಲ್ಲಿತ್ತು. ಮರೆವು ಆರಂಭದಲ್ಲಿ ವೇಗವಾಗಿದ್ದು ಆಮೇಲೆ ನಿಧಾನಗೊಳ್ಳುತ್ತದೆ ಎಂಬುದೇ ಮರೆವಿನ ವಕ್ರರೇಖೆಯ ಸಾರ. ಇದನ್ನು ಮನೆಯಲ್ಲಿಯೇ ಮಾಡಿ ನೋಡಿ: ‘ಡೂಜ್, ಗೆವ್, ಫೋಟ್’ ಎಂಬಂತಹ ಹನ್ನೆರಡು ಅರ್ಥಹೀನ ಶಬ್ದಗಳನ್ನು ತಪ್ಪಿಲ್ಲದೆ ಹೇಳುವವರೆಗೆ ಎಷ್ಟು ಸಲ ಓದಬೇಕಾಯಿತೆಂದು ಎಣಿಸಿ, ಮರುದಿನ ಮತ್ತೆ ಎಣಿಸಿ. ಆಮೇಲೆ ಅಷ್ಟೇ ಉದ್ದದ ಒಂದು ಗಾದೆಯ ಸಾಲನ್ನು ಕಲಿತು ಹೋಲಿಸಿ. ಅರ್ಥವಿರುವ ಸಾಮಗ್ರಿ ಏಕೆ ಬೇಗ ನಿಲ್ಲುತ್ತದೆಂಬುದನ್ನು ಈ ಪುಟ್ಟ ಪ್ರಯೋಗ ಚೆನ್ನಾಗಿ ಕಲಿಸುತ್ತದೆ.

ಸ್ಮೃತಿಯ ಬಗೆಗಳನ್ನು ಒಪ್ಪಿಸುವುದಕ್ಕಿಂತ ಎಚ್.ಎಂ. ಎಂದು ಪ್ರಸಿದ್ಧನಾದ ಹೆನ್ರಿ ಮೊಲೈಸನ್‌ನ ಪ್ರಕರಣವನ್ನು ಸಂಪೂರ್ಣವಾಗಿ ತಿಳಿದುಕೊಳ್ಳುವುದು ಮೇಲು. ತೀವ್ರ ಮೂರ್ಛೆರೋಗದ ಪರಿಹಾರಕ್ಕಾಗಿ 1953ರಲ್ಲಿ ಆತನ ಮಿದುಳಿನ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನು ತೆಗೆಯಲಾಯಿತು. ಆನಂತರ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯದಾದವು. ಆದರೂ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ಎಳೆಯುವ ಕೆಲಸವನ್ನು ಕೊಟ್ಟಾಗ ಆತ ದಿನದಿಂದ ದಿನಕ್ಕೆ ಸುಧಾರಿಸಿದ, ಹಿಂದಿನ ದಿನ ಅದನ್ನು ಮಾಡಿದ್ದೇ ನೆನಪಿಲ್ಲದಿದ್ದರೂ ಸಹ. ಅಲ್ಪಾವಧಿ ಮತ್ತು ದೀರ್ಘಾವಧಿ ಸ್ಮೃತಿ ಬೇರೆಬೇರೆ, ಘಟನೆಗಳ ಸ್ಮೃತಿ ಮತ್ತು ಕೌಶಲದ ಸ್ಮೃತಿ ಬೇರೆಬೇರೆ, ಹಿಪ್ಪೊಕ್ಯಾಂಪಸ್‌ನ ಕೆಲಸ ಹೊಸ ನೆನಪುಗಳನ್ನು ನೆಲೆಗೊಳಿಸುವುದು ಎಂಬ ಮೂರು ಉತ್ತರಗಳು ಈ ಒಬ್ಬ ಮನುಷ್ಯನ ಕಥೆಯಲ್ಲಿವೆ. ಅಡ್ಡಿಯ ಎರಡು ಬಗೆಗಳು ಉಳಿದವು: ಹೊಸ ಫೋನ್ ನಂಬರನ್ನು ಹೇಳಹೊರಟಾಗ ಹಳೆಯದೇ ಬಾಯಿಗೆ ಬಂದರೆ ಮುಮ್ಮುಖ ಅಡ್ಡಿ, ಹೊಸದು ರೂಢಿಯಾದ ಮೇಲೆ ಹಳೆಯದು ನೆನಪಾಗದಿದ್ದರೆ ಹಿಮ್ಮುಖ ಅಡ್ಡಿ.

ಆರನೆಯ ಹೆಜ್ಜೆ: ಉಳಿದ ಅಧ್ಯಾಯಗಳು

ಇತಿಹಾಸದ ಭಾಗಕ್ಕೆ ಅರ್ಧ ಗಂಟೆ ಸಾಕು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟ್ ಮನೋವಿಜ್ಞಾನದ ಪ್ರಯೋಗಾಲಯವನ್ನು ತೆರೆದದ್ದು, 1890ರಲ್ಲಿ ವಿಲಿಯಂ ಜೇಮ್ಸ್ ಅವರ ಬೃಹತ್ ಗ್ರಂಥ ಬಂದದ್ದು, 1913ರಲ್ಲಿ ವಾಟ್ಸನ್ ಹೊರಗೆ ಕಾಣುವ ವರ್ತನೆಯನ್ನೇ ಅಧ್ಯಯನ ಮಾಡಬೇಕೆಂಬ ವರ್ತನಾವಾದವನ್ನು ಸಾರಿದ್ದು, ಇವುಗಳನ್ನು ಒಂದು ಗೆರೆಯ ಮೇಲೆ ಗುರುತಿಸಿಕೊಳ್ಳಿ. ನರಕೋಶದ ಚಿತ್ರವನ್ನು ಮಾತ್ರ ನೋಡುವುದನ್ನು ಬಿಟ್ಟು ನೆನಪಿನಿಂದ ಬರೆದು ಭಾಗಗಳನ್ನು ಗುರುತಿಸಿ. ಮಿದುಳಿನ ಬ್ರೋಕ ಪ್ರದೇಶಕ್ಕೆ ಪೆಟ್ಟಾದರೆ ಮಾತನ್ನು ಹೊರಡಿಸುವುದು ಕಷ್ಟ, ವರ್ನಿಕ್ ಪ್ರದೇಶಕ್ಕೆ ಪೆಟ್ಟಾದರೆ ಮಾತನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ ಎಂಬ ಭೇದವನ್ನು ಜೊತೆಗಿಟ್ಟುಕೊಳ್ಳಿ.

ವಿಕಾಸದ ಅಧ್ಯಾಯದಲ್ಲಿ ಮಕ್ಕಳ ಚಿಂತನೆ ಬೆಳೆಯುವ ಬಗೆಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ವಯಸ್ಸಿನೊಂದಿಗೆ ಒಪ್ಪಿಸುವುದು ಸುಲಭ, ಪ್ರಶ್ನೆ ಬರುವುದು ಸನ್ನಿವೇಶದ ಮೇಲೆ. ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಮಜ್ಜಿಗೆ ಹಾಕಿ, ಒಂದನ್ನು ಅದರ ಕಣ್ಣೆದುರೇ ಎತ್ತರವಾದ ಕಿರಿದಾದ ಲೋಟಕ್ಕೆ ಸುರಿದು, ಯಾವುದರಲ್ಲಿ ಹೆಚ್ಚಿದೆಯೆಂದು ಕೇಳಿ. ಎತ್ತರದ ಲೋಟವನ್ನು ತೋರಿಸಿದರೆ ಅದು ಕಾರ್ಯಪೂರ್ವ ಹಂತದಲ್ಲಿದೆ, ಪರಿಮಾಣ ಬದಲಾಗಿಲ್ಲವೆಂಬ ತಿಳಿವಳಿಕೆ ಸಾಮಾನ್ಯವಾಗಿ ಮೂರ್ತ ಕಾರ್ಯಗಳ ಹಂತದಲ್ಲಿ ಮೂಡುತ್ತದೆ. ವೈಗೋಟ್‌ಸ್ಕಿಯವರ ಸಮೀಪಸ್ಥ ವಿಕಾಸ ವಲಯವನ್ನು, ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವೆಂದು ಬರೆದುಕೊಂಡರೆ ಸಾಕು.

ಮನೋವಿಕಾರಗಳ ಅಧ್ಯಾಯವನ್ನು ಓದುವಾಗ ಲಕ್ಷಣಗಳನ್ನೆಲ್ಲ ತನ್ನಲ್ಲಿಯೋ ಮನೆಯವರಲ್ಲಿಯೋ ಕಾಣುವುದು ಬಹಳ ವಿದ್ಯಾರ್ಥಿಗಳಿಗೆ ಆಗುವ ಅನುಭವ. ರೋಗನಿರ್ಣಯಕ್ಕೆ ಲಕ್ಷಣದ ಅವಧಿ, ತೀವ್ರತೆ ಮತ್ತು ದೈನಂದಿನ ಬದುಕಿಗೆ ಬಂದ ಅಡಚಣೆ ಮೂರನ್ನೂ ನೋಡಬೇಕೆಂಬುದು ಪಾಠದ ಭಾಗವೇ ಆಗಿದೆ. ನಿಜವಾಗಿಯೂ ಕಳವಳವಿದ್ದರೆ ಪಠ್ಯಪುಸ್ತಕವನ್ನು ಬದಿಗಿಟ್ಟು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಏಳನೆಯ ಹೆಜ್ಜೆ: ಪ್ರಯೋಗಗಳ ಚೀಟಿಗಳು, ಅವುಗಳ ತಿದ್ದುಪಡಿ

ಪ್ರಸಿದ್ಧ ಅಧ್ಯಯನ ಒಂದೊಂದಕ್ಕೂ ಒಂದು ಚೀಟಿ ಮಾಡಿ: ಯಾರು, ಯಾವಾಗ, ಏನನ್ನು ಬದಲಿಸಿದರು, ಏನನ್ನು ಅಳೆದರು, ಏನು ಕಂಡಿತು. ಹಿಂಬದಿಯಲ್ಲಿ ಅದರಿಂದ ಏನನ್ನು ಹೇಳಲು ಬರುವುದಿಲ್ಲ ಎಂಬುದನ್ನು ಬರೆಯಿರಿ. ಈ ಹಿಂಬದಿಯನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ, ಉತ್ತಮ ಉತ್ತರಕ್ಕೂ ಸಾಧಾರಣ ಉತ್ತರಕ್ಕೂ ವ್ಯತ್ಯಾಸ ಅಲ್ಲಿಯೇ ಇರುತ್ತದೆ. 1963ರಲ್ಲಿ ಪ್ರಕಟವಾದ, ಇನ್ನೊಬ್ಬನಿಗೆ ವಿದ್ಯುದಾಘಾತ ಕೊಡುವಂತೆ ಪ್ರಯೋಗಕಾರ ಆಜ್ಞಾಪಿಸಿದರೆ ಜನ ಎಲ್ಲಿಯವರೆಗೆ ಪಾಲಿಸುತ್ತಾರೆಂದು ನೋಡಿದ (ಆಘಾತ ನಿಜವಾಗಿರಲಿಲ್ಲ) ಮಿಲ್‌ಗ್ರಾಂ ಅವರ ಅಧ್ಯಯನದಲ್ಲಿ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ನ ಕೊನೆಯ ಗುಂಡಿಯವರೆಗೂ ಹೋದರೆಂಬುದು ಮುಂಬದಿಯ ಮಾತು. ಪ್ರಯೋಗಕಾರ ಕೋಣೆಯಲ್ಲಿರದೆ ದೂರವಾಣಿಯಲ್ಲಿ ಆಜ್ಞೆ ಕೊಟ್ಟಾಗ ಆ ಪ್ರಮಾಣ ಸುಮಾರು ಐವರಲ್ಲಿ ಒಬ್ಬರಿಗೆ ಇಳಿಯಿತು, ಆದ್ದರಿಂದ ಮನುಷ್ಯಸ್ವಭಾವವೇ ವಿಧೇಯವೆಂದು ಹೇಳಲಾಗದು ಎಂಬುದು ಹಿಂಬದಿಯ ಮಾತು.

ಕೆಲವು ಕಥೆಗಳನ್ನು ತಿದ್ದಿಕೊಂಡೇ ಓದಬೇಕು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಕಿಟ್ಟಿ ಜಿನೋವೀಸ್ ಎಂಬ ಯುವತಿಯ ಕೊಲೆಯನ್ನು 38 ಮಂದಿ ಸುಮ್ಮನೆ ನೋಡುತ್ತಿದ್ದರೆಂಬ ಪತ್ರಿಕಾ ವರದಿಗೆ ತಕ್ಕ ಆಧಾರವಿಲ್ಲವೆಂದು ನಂತರದ ಪರಿಶೀಲನೆ ತೋರಿಸಿದೆ. ಆದರೆ ಆ ವರದಿಯಿಂದ ಪ್ರೇರಿತರಾಗಿ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ಗಟ್ಟಿಯಾದುದು: ಬೇರೆ ಕೋಣೆಯಲ್ಲಿ ಒಬ್ಬರಿಗೆ ಮೂರ್ಛೆ ಬಂದಂತೆ ಸದ್ದು ಕೇಳಿಸಿದಾಗ, ಅದನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ತಿಳಿದವರಲ್ಲಿ ಶೇಕಡಾ 85 ಮಂದಿ ನೆರವಿಗೆ ಎದ್ದರು, ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ ಶೇಕಡಾ 31. ಮ್ಯಾಸ್ಲೊ 1943ರಲ್ಲಿ ಅಗತ್ಯಗಳ ಶ್ರೇಣಿಯನ್ನು ವಿವರಿಸಿದ ಲೇಖನದಲ್ಲಿ ಪಠ್ಯಪುಸ್ತಕಗಳು ತೋರಿಸುವ ಪಿರಮಿಡ್ಡಿನ ಚಿತ್ರವಿಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆಂಬ ಜನಪ್ರಿಯ ನಂಬಿಕೆಗೂ ಸಾಕಷ್ಟು ಪ್ರಾಯೋಗಿಕ ಆಧಾರ ದೊರೆತಿಲ್ಲ. ಶಿಕ್ಷಕರಾಗಲಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಂಟನೆಯ ಹೆಜ್ಜೆ: ದಿನಗಳ ಹಂಚಿಕೆ

ಒಂದು ಅಧ್ಯಾಯಕ್ಕೆ ಒಂದೇ ದಿನ ಆರು ಗಂಟೆ ಕೊಡುವ ಬದಲು, ಅದೇ ಆರು ಗಂಟೆಯನ್ನು ನಾಲ್ಕು ಭೇಟಿಗಳಾಗಿ ಹಂಚಿಕೊಳ್ಳಿ. ಪರೀಕ್ಷೆಗೆ ಒಂದು ತಿಂಗಳಿದ್ದರೆ ಮೊದಲ ಓದಿನ ಮರುದಿನ, ಆಮೇಲೆ ನಾಲ್ಕನೆಯ ದಿನ, ಹತ್ತನೆಯ ದಿನ, ಇಪ್ಪತ್ತೆರಡನೆಯ ದಿನ ಎಂದಿಟ್ಟುಕೊಳ್ಳಬಹುದು. ಪರೀಕ್ಷೆ ದೂರವಿದ್ದಷ್ಟೂ ನಡುವಿನ ಅಂತರವನ್ನು ಹೆಚ್ಚಿಸಬೇಕು. ಪ್ರತಿ ಭೇಟಿಯೂ ಖಾಲಿ ಹಾಳೆಯಿಂದಲೇ ಆರಂಭವಾಗಲಿ. ಮೂರನೆಯ ಭೇಟಿಯಿಂದ ಅಧ್ಯಾಯಗಳನ್ನು ಬೆರೆಸಿ: ಕಲಿಕೆ, ಗ್ರಹಿಕೆ, ಸಾಮಾಜಿಕ ಮನೋವಿಜ್ಞಾನದ ಪ್ರಶ್ನೆಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿ ಒಂದೊಂದಾಗಿ ಎತ್ತಿಕೊಳ್ಳಿ, ಏಕೆಂದರೆ ಈ ಪ್ರಶ್ನೆ ಯಾವ ಅಧ್ಯಾಯದ್ದೆಂದು ಪರೀಕ್ಷೆಯಲ್ಲಿ ಯಾರೂ ಹೇಳುವುದಿಲ್ಲ. ಆಗ ತಪ್ಪುಗಳು ಹೆಚ್ಚಾಗುತ್ತವೆ, ಓದು ಹಿಂದೆ ಬಿದ್ದಂತೆ ಎನಿಸುತ್ತದೆ. ಅದಕ್ಕೆ ಅಂಜಿ ಒಂದೊಂದೇ ಅಧ್ಯಾಯದ ಓದಿಗೆ ಮರಳಬೇಡಿ.

ಕೊನೆಯ ಎರಡು ದಿನಗಳಲ್ಲಿ ಹೊಸದನ್ನು ಸೇರಿಸದೆ, ಬೇರೆ ಬಣ್ಣದ ಶಾಯಿಯಲ್ಲಿ ತಿದ್ದಿದ ಭಾಗಗಳನ್ನೂ ಪದಗಳ ಪುಸ್ತಕದ ಬಲಪುಟಗಳನ್ನೂ ಮಾತ್ರ ನೋಡಿ, ಹತ್ತು ಅಂಕದ ಒಂದು ಉತ್ತರವನ್ನು ಗಡಿಯಾರವನ್ನು ಎದುರಿಗಿಟ್ಟುಕೊಂಡು ಪೂರ್ತಿಯಾಗಿ ಬರೆಯಿರಿ. ಹಿಂದಿನ ರಾತ್ರಿ ಎಂದಿನ ಹೊತ್ತಿಗೇ ಮಲಗಿರಿ. ಕಲಿತದ್ದು ಸ್ಮೃತಿಯಲ್ಲಿ ನೆಲೆಗೊಳ್ಳುವುದರಲ್ಲಿ ನಿದ್ರೆಗೂ ಪಾಲಿದೆ.